ಮಾಗಿದ ಸದ್ದು

ಹಲೋ… ಹಾಂ, ಹಲೋ. ಯಾರು ಮಾತಾಡ್ತಿರೋದು?

ಯಾರು?… ಮಾರೈಕೆ? ಯಾವ ಮಾರೈಕೆ? ಆ ಹೆಸರಿನವರು ನನಗೆ ಯಾರೂ ಗೊತ್ತಿಲ್ಲವಲ್ಲ ತಾಯಿ…

ಹೌದು, ಎಕಾರ್ಟ್ ವೈಗೆಲ್ಟ್ ನಾನೇ. ಮೊದಲು ಮನೆ ಫೋನಿಗೆ ಮಾಡಿದ್ರಾ? ಶನಿವಾರ ಮಧ್ಯಾಹ್ನ ನಾನೂ ಹೆಂಡ್ತೀನೂ ಮನೇಲಿರಲ್ಲ, ತೋಟದ ಗುಡಿಸಲಿಗೆ ಬಂದುಬಿಡ್ತೀವಿ. ಪ್ಲಮ್ ಹಣ್ಣು ಉದುರ್ತಾ ಇದೆ, ಆರಿಸ್ತಾ ಇದ್ದೀವಿ. ಹೇಳಿ…

ರೆಕಾರ್ಡ್ ಕಂಪನಿಯವರಾ. ಹ್ಯಾಂಬರ್ಗಿನವರು. ಅದಕ್ಕೇ ಮಾತು ಅಷ್ಟು ನಯವಾಗಿದೆ… ಅಲ್ಲಲ್ಲ, ಬೈದಿದ್ದಲ್ಲ, ಹೊಗಳಿದ್ದು. ನಮ್ಮೂರು ಕೆಮ್ನಿಟ್ಸಿಗೇ ಬಂದಿದ್ದೀರಾ? ಓ, ಸಭಾಂಗಣದಿಂದಲೇ ಮಾತಾಡ್ತಿದ್ದೀರಾ…

ರೋಸ್ಟ್‌ಹೋಫ್. ಗೊತ್ತು ತಾಯಿ, ಗೊತ್ತಿಲ್ದೆ ಏನು. ಆ ಸಂಗೀತ ತಂಡಕ್ಕೆ ಹೆಸರಿಟ್ಟಿದ್ದೇ ನಾನು, ತುಕ್ಕಿನ ಅಂಗಳ ಅಂತ. ಇಪ್ಪತ್ತು ವರ್ಷಕ್ಕೂ ಮೇಲೆ ಆ ತಂಡದ ಹಿಂದೆ ನಿಂತುಕೊಂಡು ತಾಳಕ್ಕೆ ಕಬ್ಬಿಣ ಬಡಿದಿದ್ದೀನಿ. ಗೋಡೆ ಮೇಲೆ ಹಳೇ ಚಿತ್ರಗಳೇನಾದ್ರೂ ಇದ್ರೆ ನೋಡಿ, ಬೆಂಕಿ ಹಿಂದೆ ಸುತ್ತಿಗೆ ಎತ್ತಿಕೊಂಡು ಒಬ್ಬ ನಿಂತಿರ್ತಾನೆ. ಮುಖ ಕಾಣಿಸಲ್ಲ. ಅದು ನಾನು…

ಹಾಂ, ಹೊಸ ಆಲ್ಬಮ್ ಬಂದಿದೆಯಂತೆ. 'ತಣಿದ ಕುಲುಮೆ' ಅಂತಲ್ವಾ? ಟ್ರಾಮ್ ಡಿಪೋದಲ್ಲಿ ನಮ್ಮವರು ಅದೇ ಮಾತಾಡ್ಕೋತಿದ್ರು. ಈಗ ನಾನು ಅಲ್ಲಿ ಟ್ರಾಮ್ ಗಾಲಿಗಳಿಗೆ ಸಾಣೆ ಹಿಡೀತೀನಿ. ಇವತ್ತು ಸಂಜೆ ಅದರ ಮೊದಲನೇ ಕಛೇರಿ, ಅದೂ ಗೊತ್ತು. ಊರೆಲ್ಲಾ ಭಿತ್ತಿಪತ್ರ ಹಚ್ಚಿದ್ದೀರಲ್ಲ. ಅದರಲ್ಲಿ ಹಾಡುಗಾರ ಫಾಲ್ಕ್ ಕಣ್ಣು ಮುಚ್ಚಿಕೊಂಡು ನಿಂತಿದ್ದಾನೆ, ಗುರುಗಳ ಹಾಗೆ…

ಫಾಲ್ಕ್ ಮಾತಾಡ್ತಾನಾ? ನನ್ನ ಹತ್ರನಾ?…

ಪತ್ರಿಕೆಯವರೆಲ್ಲಾ ಸುತ್ತ ಕೂತಿದ್ದಾರಾ. ರೇಡಿಯೋದವರೂ?… ಹಳೇ ಗೆಳೆಯನಿಗೆ ಫೋನ್ ಮಾಡಿ ಸಂಜೆಗೆ ಕರೀಬೇಕು ಅಂತ ಅವನಿಗೆ ಈಗ ತಾನೇ ಅನ್ನಿಸ್ತಂತಾ. ಅವರೆಲ್ಲರ ಮುಂದೆ ಅನ್ನಿಸ್ತು. ಹೂಂ… ಫೋನ್ ಸ್ಪೀಕರಿಗೆ ಹಾಕಿದ್ದೀರಾ? ಅಂದ್ರೆ ಅವನು ಆಡೋದು ಅವರಿಗೆ ಕೇಳುತ್ತೆ, ನಾನು ಆಡೋದೂ ಕೇಳುತ್ತೆ…

ನನಗೆ ಕೇಳಿಸುತ್ತಾ ಅಂತ ಕೇಳ್ತಿದ್ದಾನಾ ಅವನು? ನೋಡಿ, ಎಷ್ಟು ಕಾಳಜಿ. ಸ್ವಲ್ಪ ಕಷ್ಟ ಅಂತ ಹೇಳಿ. ನೀವು ನನ್ನ ಕಿವಿಗೆ ಹೇಗೋ ಹೊಂದಿಕೊಂಡ್ರಿ, ಹೆಂಗಸರ ದನಿ ಅಲ್ವಾ. ಅವನಿಗೆ ಜೋರಾಗಿ ಮಾತಾಡಬೇಕು ಅಂತ ಹೇಳಿ. ತುಂಬಾ ಜೋರಾಗಿ. ಒಂದು ನಿಮಿಷ ತಾಳಿ, ಕುರ್ಚಿ ಎಳ್ಕೋತೀನಿ…

ಸಿಬಿಲೆ. ಏಯ್ ಸಿಬಿಲೆ, ಬಾ ಇಲ್ಲಿ. ಫೋನಿಗೆ ಕೈ ಅಡ್ಡ ಇಟ್ಟಿದ್ದೀನಿ, ಅವರಿಗೆ ಕೇಳಲ್ಲ. ಫಾಲ್ಕ್ ಕಣೇ… ಹೌದು, ಅವನೇ. ಸುತ್ತ ಪತ್ರಿಕೆಯವರನ್ನ ಕೂರಿಸಿಕೊಂಡು ನನಗೆ ಫೋನ್ ಮಾಡಿದ್ದಾನೆ, ದೊಡ್ಡ ಮನಸ್ಸು ತೋರಿಸೋಕೆ… ಇಲ್ಲ, ಕಿವಿ ಯಂತ್ರ ಹಾಕಿಸಿಕೊಂಡಿರೋದು ಅವನಿಗೆ ಗೊತ್ತಿಲ್ಲ. ಹೇಗೆ ಗೊತ್ತಾಗಬೇಕು? ಹೋದ ಚಳಿಗಾಲದ ತನಕ ನಾನು ಪೂರ್ತಿ ಕಿವುಡ ಅಂತಲೇ ಎಲ್ಲರಿಗೂ ಗೊತ್ತು. ನೀನು ನಗಬೇಡ, ಕೂತ್ಕೋ ಸುಮ್ನೆ. ಕೇಕು ಆಮೇಲೆ ತಿನ್ನೋಣ…

ಹಲೋ. ಹಾಂ, ಯಾರು?… ಯಾರು?… ಗಂಟಲು ಬಿಟ್ಟು ಹೇಳು ಮಾರಾಯ, ಕೇಳ್ತಿಲ್ಲ…

ಫಾಲ್ಕ್. ಫಾಲ್ಕ್ ರೀಚೆಲ್. ಹಾಂ, ಈಗ ಕೇಳ್ತು. ಚೆನ್ನಾಗಿದ್ದೀನಪ್ಪ, ನೀನು ಹೇಗಿದ್ದೀಯ?… ಏನು?… ಏನು ಮಾಗಿದೆ? ಪ್ಲಮ್ಮಾ? ಹೂಂ, ಈ ಸಲ ಚೆನ್ನಾಗಿ ಮಾಗಿದೆ…

ಓ, ನಿಮ್ಮ ಸದ್ದು ಮಾಗಿದೆಯಾ. ಹಾಗಂತ ಯಾರು ಹೇಳಿದ್ದು?… ಬರ್ಲಿನ್ ಪತ್ರಿಕೆಯವರು. ಏನಂತ ಬರ್ದಿದ್ದಾರೆ, ಓದು ನೋಡೋಣ. ಅಲ್ಲೇ ಯಾರ ಕೈಯಲ್ಲಾದ್ರೂ ಇರಬೇಕಲ್ಲ. ನಾನಂತೂ ಕಿವುಡ, ನೀವು ಮಾಡಿದ್ದನ್ನ ಕೇಳೋ ಯೋಗ ಇಲ್ಲ. ಅದರ ಬಗ್ಗೆ ಬರೆದಿದ್ದನ್ನಾದ್ರೂ ಕೇಳ್ತೀನಿ…

ಜೋರಾಗಿ, ಜೋರಾಗಿ… 'ಮೂವತ್ತು ವರ್ಷ ಕಿರುಚಿದ ಗಂಟಲು'… ಹಾಂ, ಮುಂದೆ… 'ಪಿಸುಮಾತಿನ ಬೆಲೆಯನ್ನು ಅರಿತಿದೆ'. ಆಹಾ. ಅದನ್ನ ನೀನು ಹಂದಿ ಮಾರೋನ ಹಾಗೆ ಕೂಗಿ ಹೇಳಬೇಕಾಗಿ ಬಂತಲ್ಲ. ಮುಂದಕ್ಕೆ ಓದು… 'ಒಂದೇ ಒಂದು ಉಕ್ಕಿನ ಏಟು, ಆಮೇಲೆ ಮೌನ. ಆ ಮೌನದಲ್ಲಿ ಗಾಯಕ ಕಾಯುತ್ತಾನೆ. ಇಂಥ ಧೈರ್ಯ ವಯಸ್ಸಿಗೆ ಮಾತ್ರ ಬರುತ್ತದೆ'. ಧೈರ್ಯ ಅಂದ್ರಾ? ಅದೊಂದು ಪದ ಇನ್ನೊಂದು ಸಲ ಓದು…

ಧೈರ್ಯ. ಸರಿ, ಈಗ ಕೇಳ್ತು.

ಅಲ್ಲ ಫಾಲ್ಕ್, ಒಂದು ಮಾತು ನೆನಪಿದೆಯಾ? ನೂಲುಯಂತ್ರದ ಕಾರ್ಖಾನೆಯಲ್ಲಿ ನಾವು ಅಭ್ಯಾಸ ಮಾಡ್ತಿದ್ವಲ್ಲ, ಗಾಜೆಲ್ಲಾ ಒಡೆದುಹೋಗಿದ್ದ ಆ ದೊಡ್ಡ ಹಾಲ್‌ನಲ್ಲಿ. ಒಂದು ಸಂಜೆ ನಾನು ಆ ಉಕ್ಕಿನ ಹಲಗೆ ಮೇಲೆ ಒಂದೇ ಒಂದು ಏಟು ಹಾಕಿ ಸುಮ್ಮನೆ ನಿಂತೆ. ಸದ್ದು ಪೂರ್ತಿ ಸಾಯೋ ತನಕ. ಆಮೇಲೆ ಇನ್ನೊಂದು ಏಟು. ಹೀಗೆ ಒಂದು ಹಾಡು ಮಾಡೋಣ ಅಂದೆ, ಇದರ ಮೇಲೆ ನೀನು ಮೆಲ್ಲಗೆ ಹಾಡು ಅಂದೆ. ನೀನು ಏನಂದೆ ಆಗ?…

ನೆನಪಿಲ್ವಾ? ನನಗಿದೆ. ಸ್ಮಶಾನ ಕಾಯೋನ ಸಂಗೀತ ಅಂದೆ. ಅದಾದ ಮೇಲೆ ತಿಂಗಳುಗಟ್ಟಲೆ ನನ್ನನ್ನ ಎಲ್ಲರೂ ಸ್ಮಶಾನ ಕಾಯೋನು ಅಂತಲೇ ಕರೀತಿದ್ರಿ. ಊಟಕ್ಕೆ ಕೂತಾಗ, ಬಸ್ಸಲ್ಲಿ, ಹುಡುಗೀರ ಮುಂದೆ. ನಾನೂ ನಗ್ತಿದ್ದೆ…

ಏನು?… ಸ್ಫೂರ್ತಿ ನಾನೇ ಅಂತನಾ? ಜೋರಾಗಿ ಹೇಳಪ್ಪ ಅದನ್ನ, ಕೂತಿರೋರು ಬರ್ಕೊಳ್ಳಲಿ. ಸ್ಫೂರ್ತಿ ಮಾತ್ರನಾ, ಏಟೂ ನಂದೇನಾ?…

ಆ ಏಟು ಎಲ್ಲಿಂದ ಬಂತು ಹೇಳು.… ಹಳೇ ಟೇಪಿನಿಂದ ತಗೊಂಡ್ರಿ. ಆವತ್ತು ಸಂಜೆ ಯಾರೋ ಟೇಪ್ ಹಾಕಿಟ್ಟಿದ್ರಲ್ಲ, ಅದರಿಂದ. ಅಂದ್ರೆ ಆ ಹಾಡಲ್ಲಿ ಉಕ್ಕು ಬಡೀತಿರೋನು ನಾನು. ಏನು?… ಹಾಂ, ನಾನೇ ಅಂತೀಯ. ಥ್ಯಾಂಕ್ಸ್ ಕಣೋ. ಆಲ್ಬಮ್ಮಿನ ಡಬ್ಬಿ ಮೇಲೆ ನನ್ನ ಹೆಸರು ಹಾಕೋದು ಮರೆತಿರ್ತೀರ ಬಿಡು, ಜಾಗ ಇರಲ್ಲ…

ಸರಿ, ಈಗ ಯಾಕೆ ಫೋನ್ ಮಾಡಿದ್ದು ಹೇಳು…

ಸಂಜೆಗೆ ಬರಬೇಕಾ. ನಾನು ಬಂದು ಏನು ಮಾಡ್ಲಿ, ಮುಂದಿನ ಸಾಲಲ್ಲಿ ಕೂತು ನಿನ್ನ ಬಾಯಿ ನೋಡ್ಲಾ?… ಹಲಗೆ ತರಬೇಕಾ? ಏನು, ಹಲಗೆ?…

ಅಯ್ಯೋ, ಅದು ಎಲ್ಲಿದೆ ಈಗ. ಅದರ ಮೇಲೆ ಸಾಸೇಜು ಸುಡ್ತೀವಿ ಕಣೋ. ಹೂಂ, ಕೆಳಗೆ ನಾಲ್ಕು ಇಟ್ಟಿಗೆ ಇಟ್ಟು ಬೆಂಕಿ ಹಾಕಿದ್ರೆ ಸರಿಯಾಗಿ ಕಾಯುತ್ತೆ. ಪಕ್ಕದ ತೋಟದವರೂ ಕೇಳಿ ತಗೊಂಡು ಹೋಗ್ತಾರೆ. ನಡುವೆ ಸ್ವಲ್ಪ ಬಗ್ಗಿದೆ. ಸಾಸಿವೆ ಕಲೆ ಹೋಗೋದೇ ಇಲ್ಲ…

ಸಿಬಿಲೆ, ಫೋನಿಗೆ ಮತ್ತೆ ಕೈ ಅಡ್ಡ ಇಟ್ಟಿದ್ದೀನಿ ಕಣೇ. ನಿಜ ಅನ್ಕೊಂಡ… ಇರಲಿ ಬಿಡು, ಸ್ವಲ್ಪ ಹೊತ್ತು ಅನ್ಕೊಳ್ಳಲಿ. ಆ ಹಲಗೆ ಫೌಂಡ್ರಿ ಮುಚ್ಚಿದಾಗ ಅವನಪ್ಪ ನಮ್ಮಪ್ಪ ಇಬ್ರೂ ಕೆಲಸ ಕಳ್ಕೊಂಡು ತಳ್ಳುಗಾಡೀಲಿ ತಂದಿದ್ದು. ಸಾಸೇಜು ಸುಡ್ತಾರೆ ಅಂದ್ರೆ ಅವನಿಗೂ ಎಲ್ಲೋ ಚುಚ್ಚಬೇಕಲ್ವಾ…

ಹಾಂ, ಹಲೋ, ಇದ್ದೀನಿ. ಏನೋ ಹೇಳ್ತಿದ್ದೆ, ಮುಂದುವರಿಸು…

ಏನು? ಕೊನೇದು ಕೇಳಿಸ್ಲಿಲ್ಲ. 'ಆಗಿದ್ದಕ್ಕೆ'… ಆಗಿದ್ದಕ್ಕೆ ಏನು?… ಕ್ಷಮೆ. ಯಾವುದಕ್ಕೆ ಕ್ಷಮೆ?… ಆವತ್ತು ಆಗಿದ್ದಕ್ಕೆ. ಯಾವತ್ತು ಏನಾಯ್ತು? ನನಗೆ ಗೊತ್ತು, ನಿನಗೂ ಗೊತ್ತು, ಅಲ್ಲಿ ಕೂತಿರೋರಿಗೆ ಗೊತ್ತಿಲ್ವಲ್ಲ. ಸುಮ್ನೆ ಕ್ಷಮೆ ಅಂದ್ರೆ ಅವರು ಏನಂತ ಬರೀತಾರೆ ಪಾಪ…

ಇಲ್ಲ, ನಾನು ಹೇಳಲ್ಲ. ನೀನು ಹೇಳು. ಇದೇ ಸಭಾಂಗಣ, ಕ್ರಿಸ್‌ಮಸ್ ಹಿಂದಿನ ವಾರ. ಕೊನೇ ಹಾಡು. ನೀನೀಗ ಬಹುಶಃ ಅದೇ ರಂಗದ ಮೇಲೆ ಕೂತಿದ್ದೀಯ. ಹಾಡು ಮುಗೀತು. ಎಲ್ಲರೂ ನಿಲ್ಲಿಸಿದ್ರು. ನಾನು?…

ಹಾಂ. ನಾನು ಬಡೀತಾನೇ ಇದ್ದೆ. ನನಗೆ ಮುಗಿದಿದ್ದು ಗೊತ್ತಾಗ್ಲಿಲ್ಲ. ಅದಕ್ಕೂ ವರ್ಷ ಮುಂಚಿನಿಂದ ಹೇಳ್ತಿದ್ದೆ, ಕಿವಿಯೊಳಗೆ ಸೀಟಿ ಊದ್ತಾ ಇದೆ, ಸ್ವಲ್ಪ ಸದ್ದು ಕಮ್ಮಿ ಮಾಡೋಣ ಅಂತ. ನೀನು ಹೆಚ್ಚು ಮಾಡಿಸ್ದೆ. ಅದಿರಲಿ. ಇಡೀ ಹಾಲ್ ಸುಮ್ಮನಾಗಿದೆ, ಒಬ್ಬ ಮುಟ್ಠಾಳ ಕಣ್ಣು ಮುಚ್ಚಿಕೊಂಡು ಕಬ್ಬಿಣ ಬಡೀತಿದ್ದಾನೆ. ಜನ ನಗೋಕೆ ಶುರು ಮಾಡಿದ್ರು. ಆಗ ನೀನು ಮೈಕು ತಗೊಂಡೆ. ಏನಂದೆ?…

'ತಮಾಷೆಗೆ ಏನೋ ಅಂದೆ'… ಹಾಗಲ್ಲ. ಅಂದಿದ್ದು ಹೇಗೋ ಹಾಗೇ ಹೇಳು. ಮಾತು ಮಾತು ಬಿಡದೆ ಹೇಳು. ಎಷ್ಟೋ ವರ್ಷ ನನಗೆ ಸಿಬಿಲೆ ಕಾಗದದ ಮೇಲೆ ಬರೆದು ತೋರಿಸಿದ್ದು ಬಿಟ್ರೆ ನಿನ್ನ ಬಾಯಿಂದ ಕೇಳೋ ಭಾಗ್ಯ ಸಿಗಲಿಲ್ಲ…

ಏನು? ಕೇಳ್ಲಿಲ್ಲ…

ಇನ್ನೂ ಕೇಳ್ಲಿಲ್ಲ. ಗೊಣಗಬೇಡ. ಅವತ್ತು ಮೈಕಲ್ಲಿ ಹೇಳಿದ್ದು ನೀನು, ಹಿಂದಿನ ಸಾಲಿನ ತನಕ ಕೇಳೋ ಹಾಗೆ…

'ಚಪ್ಪಾಳೆ ತಟ್ಟಬೇಡಿ'… ಹಾಂ. 'ಅವನಿಗೆ ಕೇಳಿಸಲ್ಲ. ಕೈ ಬೀಸಿ'.

ಹಾಂ. ಈಗ ಕೇಳ್ತು. ಇನ್ನೊಂದು ಸಲ.

ಇನ್ನೊಂದು ಸಲ ಹೇಳು ಫಾಲ್ಕ್, ರೇಡಿಯೋದವರ ಯಂತ್ರಕ್ಕೆ ಸರಿಯಾಗಿ ಬೀಳಲಿ…

ಹೂಂ. ಅದೇ ದನಿ. ಆಮೇಲೆ ಜನ ಏನು ಮಾಡಿದ್ರು?… ಕೈ ಬೀಸಿದ್ರು. ಅಷ್ಟು ದೊಡ್ಡ ಹಾಲ್ ತುಂಬಾ ಕೈ. ನಾನು ಕಣ್ಣು ಬಿಟ್ಟಾಗ ನೋಡಿದ್ದು ಅದನ್ನ. ನಮ್ಮೂರಿನವರು, ನನ್ನ ಜೊತೆ ಓದಿದವರು, ನಮ್ಮ ಬೀದಿಯ ರೊಟ್ಟಿ ಅಂಗಡಿಯವನು, ಎಲ್ಲರೂ ನಗ್ತಾ ನನಗೆ ಕೈ ಬೀಸ್ತಾ ಇದ್ದಾರೆ. ಆಗ ನಾನು ಏನು ಮಾಡ್ದೆ? ಅದೊಂದು ನೀನೇ ಹೇಳು. ಅಲ್ಲೇ ಪಕ್ಕದಲ್ಲಿ ನಿಂತಿದ್ದೋನು ನೀನು…

…

ಹೇಳು.

…

ಹಾಂ. ನಾನೂ ಕೈ ಬೀಸಿದೆ. ಎರಡು ಕೈಯಲ್ಲೂ. ಸುತ್ತಿಗೆ ಕೆಳಗಿಟ್ಟು, ನಗ್ತಾ. ನನ್ನನ್ನ ಎಷ್ಟು ಪ್ರೀತಿ ಮಾಡ್ತಾರೆ ಇವರೆಲ್ಲ ಅಂತ ಕಣ್ಣಲ್ಲಿ ನೀರು ಬಂದಿತ್ತು ನನಗೆ.

ಯಾರಾದ್ರೂ ನಗ್ತಿದ್ದಾರಾ ಅಲ್ಲಿ ಈಗ?… ಇಲ್ವಾ. ಸರಿ.

ಸಿಬಿಲೆ, ನನ್ನ ತೋಳು ಬಿಡು. ಸಾಕು ಅಂತ ನೀನು ಹೇಳಬೇಡ. ಅವತ್ತು ಮನೆಗೆ ಬಂದು, ಜನ ಎಷ್ಟು ಖುಷಿಯಾಗಿದ್ರು ನೋಡಿದೆಯಾ ಅಂತ ನಾನು ಕೇಳಿದಾಗ ನಿನ್ನ ಮುಖ ಹೇಗಾಗಿತ್ತು ಅಂತ ನಿನಗೆ ಗೊತ್ತಿಲ್ಲ. ನಾನು ನೋಡಿದ್ದೀನಿ. ಮಾರನೇ ದಿನಾನೇ ನನ್ನ ಜಾಗಕ್ಕೆ ತಾಳ ಬಡಿಯೋ ಯಂತ್ರ ತಂದು ಕೂರಿಸಿದ್ರು, ಅದಕ್ಕೆ ನಾನು ಇಷ್ಟು ನೊಂದುಕೊಂಡಿಲ್ಲ. ಆ ಕೈ ಬೀಸಿದ್ದಕ್ಕೆ ನೊಂದುಕೊಂಡಿದ್ದೀನಿ…

ಹಲೋ… ಹಲೋ? ಏನಾಯ್ತು, ಸದ್ದೇ ಇಲ್ಲ… ಹಾಂ? ಸ್ಪೀಕರ್ ತೆಗೆದ್ಯಾ? ಎಲ್ಲಿಗೆ ಹೋಗ್ತಿದ್ದೀಯ?… ಹಿಂದಿನ ಮೆಟ್ಟಿಲ ಹತ್ರ. ಬಾಗಿಲು ಹಾಕ್ಕೊಂಡಿದ್ದೀಯ. ಯಾರೂ ಇಲ್ಲ. ಸರಿ, ಹೇಳು…

ಹೂಂ… ಹೂಂ… ಗೊತ್ತು…

ಹೌದು ಕಣೋ, ಕೇಳ್ತಿದೆ. ಈಗ ನೀನು ಪಿಸುಗುಡ್ತಿದ್ದೀಯ, ನಾನು ಉತ್ತರ ಕೊಡ್ತಿದ್ದೀನಿ. ಈಗ ಹೊಳೀತಾ? ಮೊದಲಿನಿಂದಲೂ ಎಲ್ಲಾ ಕೇಳಿಸ್ತಿತ್ತು. ನೀನು ಮೊದಲನೇ ಸಲ ಗೊಣಗಿದ್ದೂ ಕೇಳಿಸ್ತು. ಕಿವಿಯೊಳಗೆ ಬಟಾಣಿ ಗಾತ್ರದ್ದು ಒಂದು ಕೂತಿದೆ, ಫೋನಿನ ಮಾತು ನೇರ ಅದರೊಳಗೇ ಬರುತ್ತೆ…

ಬೈಕೋ. ಇನ್ನೂ ಬೈಕೋ. ಮೂವತ್ತು ವರ್ಷದಿಂದ ನಿನ್ನ ಬೈಗುಳ ಏನೂ ಬದಲಾಗಿಲ್ಲ, ಅದೊಂದು ಮಾಗಿಲ್ಲ ನೋಡು.

ಹೌದು, ನಿನ್ನ ಆಲ್ಬಮ್ಮೂ ಕೇಳಿದ್ದೀನಿ. ಡಿಪೋದವರಿಂದ ಇಸ್ಕೊಂಡು ಬಂದು ಇದೇ ಗುಡಿಸಲಲ್ಲಿ ಕೂತು ಕೇಳ್ದೆ. ಸಿಬಿಲೆ ಹೊರಗೆ ಹುಲ್ಲು ಕತ್ತರಿಸ್ತಿದ್ಲು, ಅದನ್ನೂ ನಿಲ್ಲಿಸು ಅಂದೆ… ಹೇಗಿದೆ ಅಂತನಾ? ಚೆನ್ನಾಗಿದೆ. ಅದೇ ನನ್ನ ಸಂಕಟ. ಕೆಟ್ಟದಾಗಿದ್ದಿದ್ರೆ ಆವತ್ತು ರಾತ್ರಿ ನಾನು ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೆ. ಬೆಂಕಿ ಇಲ್ಲ, ಸೈರನ್ ಇಲ್ಲ, ಮಿಲಿಟರಿ ಬೂಟಿನ ಸದ್ದಿಲ್ಲ. ಗಿಟಾರ್ ಕೂಡ ದೂರದಲ್ಲಿ ಎಲ್ಲೋ ಗಾಡಿ ಹೋಗ್ತಿರೋ ಹಾಗೆ. ನಿನ್ನ ದನಿ ಒಣಗಿದೆ, ಒಣಗಿದ್ದು ಒಳ್ಳೇದೇ ಆಯ್ತು. ನಿನ್ನಪ್ಪನ ಬಗ್ಗೆ ಹಾಡಿದ್ದೀಯಲ್ಲ, ಫೌಂಡ್ರಿ ಮುಚ್ಚಿದ ಮೇಲೂ ಬೆಳಗ್ಗೆ ಎದ್ದು ಬುತ್ತಿ ಕಟ್ಟಿಕೊಂಡು ಗೇಟಿನ ತನಕ ಹೋಗಿ ಬರ್ತಿದ್ರು ಅಂತ. ಅದು ನಿಜ ಅಂತ ಗೊತ್ತಿರೋದು ನಮ್ಮಿಬ್ರಿಗೇ. ನಮ್ಮಪ್ಪನೂ ಜೊತೇಲಿ ಹೋಗ್ತಿದ್ರು.

ಒಂದೇ ತಪ್ಪು. ಏಟು ಬಿದ್ದ ಮೇಲೆ ಹಲಗೆ ಇನ್ನೂ ಮಾತಾಡ್ತಾ ಇರುತ್ತೆ, ನೀನು ಬಾಯಿ ಹಾಕಿಬಿಡ್ತೀಯ. ಒಂದು ಕಡೆ ಬೇಗ, ಇನ್ನೊಂದು ಕಡೆ ಎಷ್ಟೋ ಹೊತ್ತಾದ ಮೇಲೆ. ಯಾಕೆ ಹಾಗೆ? ಮುಂಚೆ ನಿನ್ನ ಲೆಕ್ಕ ತಪ್ತಿರಲಿಲ್ವಲ್ಲ…

ಏನು?

…

ಇನ್ನೊಂದು ಸಲ ಹೇಳು… ಇಲ್ಲ, ನಾಟಕ ಆಡ್ತಿಲ್ಲ, ಸರಿಯಾಗಿ ಹೇಳು. ಯಾವ ಕಿವಿ?…

ಎಡಗಿವಿ. ಯಾವಾಗಿನಿಂದ?… ಎರಡು ವರ್ಷ. ಬಲಗಿವೀಲೂ ಶುರುವಾಗಿದೆ. ಹೇಗೆ, ಸೀಟಿನಾ? ಕುದಿಯೋ ಕೆಟಲ್ ಥರನಾ?… ಬಿಡೋದೇ ಇಲ್ವಾ. ಮಲಗಿದ್ರೆ ಇನ್ನೂ ಜಾಸ್ತಿ. ಜೋರು ಸದ್ದು ಬಂದ್ರೆ ತಲೆಯೊಳಗೆ ಮೊಳೆ ಹೊಡೆದ ಹಾಗೆ. ಡಾಕ್ಟರು ಕಿವಿಗೆ ಬಿರಡೆ ಕೊಟ್ಟಿದ್ದಾರಾ. ಹೂಂ…

ಅಂದ್ರೆ, ತಾಳು. ಅಂದ್ರೆ ಬೆಂಕಿ ಬೇಡ, ಡ್ರಮ್ ಬೇಡ, ಎಲ್ಲಾ ಮೆಲ್ಲಗೆ ಅಂತ ನೀನು ಮಾಡಿದ್ದು… ಅದಕ್ಕೇನಾ? ಸಹಿಸೋಕಾಗದೇ ಮಾಡಿದ್ದಾ?

ಸಿಬಿಲೆ. ಸಿಬಿಲೆ, ಕೇಳು ಇಲ್ಲಿ. ಇವರ ಸದ್ದು ಮಾಗಿದ್ದಲ್ಲ ಕಣೇ. ಇವನಿಗೂ ಕಿವಿ ಹೋಗ್ತಾ ಇದೆ.

ಹೌದು, ನಗ್ತಿದ್ದೀನಿ. ಯಾಕೆ ನಗಬಾರದು? ಬರ್ಲಿನ್ನಿನವನು ಧೈರ್ಯ ಅಂತ ಬರ್ದಿದ್ದಾನೆ. ಹೋಗು ಒಳಗೆ, ಹೇಳು ಅವನಿಗೆ. ಇದು ಧೈರ್ಯ ಅಲ್ಲ ಸ್ವಾಮಿ, ನೋವು ಅಂತ ಹೇಳು… ಹೇಳಲ್ವಾ? ಹಾಗಾದ್ರೆ ನಾನು ಹೇಳ್ಲಾ? ಆ ಹುಡುಗಿ ಮಾರೈಕೆ ಕೈಗೆ ಫೋನ್ ಕೊಡು, ಒಂದೇ ಮಾತು ಹೇಳಿ ಇಟ್ಟುಬಿಡ್ತೀನಿ…

ಬೇಡ ಅಂತ ಬೇಡ್ಕೋ. ಹೂಂ, ಹಾಗೆ. ತಂಡದವರಿಗೂ ಹೇಳಿಲ್ವಾ? ಗಿಟಾರ್ ಬಾರಿಸೋನಿಗೆ?… ಯಾರಿಗೂ ಇಲ್ಲ. ನನಗೆ ಮೊದಲು ಹೇಳ್ತಿದ್ದೀಯ. ಯಾಕೆ ಹೇಳಲ್ಲ ಅವರಿಗೆ?… ಯಂತ್ರ ತಂದು ಕೂರಿಸ್ತಾರೆ ಅಂತನಾ? ಹಾಡೋಕೆ ಯಂತ್ರ ಇನ್ನೂ ಬಂದಿಲ್ಲ, ಹೆದರಬೇಡ.

ನಾನು ಹೇಳ್ತೀನಿ ಕೇಳು, ಮುಂದೆ ಏನೇನಾಗುತ್ತೆ ಅಂತ. ಈ ದಾರೀಲಿ ನಾನು ನಿನಗಿಂತ ಎಷ್ಟೋ ಮುಂದೆ ಹೋಗಿ ಬಂದಿದ್ದೀನಿ. ಮೊದಲು ಹಕ್ಕಿ ಹೋಗ್ತವೆ. ಬೆಳಗ್ಗೆ ಎದ್ದು, ಈ ವರ್ಷ ಯಾಕೋ ಹಕ್ಕಿ ಬಂದಿಲ್ಲ ಅನ್ಕೋತೀಯ. ಆಮೇಲೆ ಮಕ್ಕಳ ಮಾತು ಹೋಗುತ್ತೆ, ಅವರಿಗೆ ಹೇಳಿದ್ದನ್ನೇ ಹೇಳಿ ಹೇಳಿ ಬೇಜಾರಾಗುತ್ತೆ. ಆಮೇಲೆ ಊಟದ ಮೇಜಿನ ಸುತ್ತ ಎಲ್ಲರೂ ನಗ್ತಾರೆ, ನೀನು ಒಂದು ಗಳಿಗೆ ತಡವಾಗಿ ನಗ್ತೀಯ. ಯಾಕೆ ನಕ್ಕೆ ಅಂತ ನಿನಗೆ ಗೊತ್ತಿರಲ್ಲ. ಕೊನೆಗೆ ಆ ಸೀಟಿ ಮಾತ್ರ ಉಳಿಯುತ್ತೆ. ಅದು ಯಾವ ಕಾರಣಕ್ಕೂ ಬಿಟ್ಟು ಹೋಗಲ್ಲ…

ಅಳು. ಮೆಟ್ಟಿಲ ಮೇಲೆ ಯಾರೂ ಇಲ್ಲ ಅಂದ್ಯಲ್ಲ, ಅಳು.

…

ಹಾಂ, ಈಗ ಹೇಳು. ನನ್ನನ್ನ ನಿಜವಾಗಿ ಕರೀತಿರೋದು ಯಾಕೆ? ಪತ್ರಿಕೆಯವರಿಗೆ ತೋರಿಸೋಕಲ್ಲ, ಅಲ್ವಾ? ಬೇರೆ ಏನೋ ಇದೆ…

ಹೂಂ… ಸದ್ದು ಸಾಯೋದು ಗೊತ್ತಾಗ್ತಿಲ್ಲ. ಏಟು ಕೇಳುತ್ತೆ, ಆಮೇಲೆ ಆ ಗುಂಯ್ ಅನ್ನೋದು ಯಾವುದು, ನಿನ್ನ ತಲೆಯ ಸೀಟಿ ಯಾವುದು ಅಂತ ಬೇರೆ ಮಾಡೋಕಾಗ್ತಿಲ್ಲ. ನಿನ್ನೆ ಅಭ್ಯಾಸದಲ್ಲೂ ತಪ್ಪಿದ್ಯಾ?… ಇವತ್ತು ಬೆಳಗ್ಗೇನೂ. ಅವರು ಏನಂದ್ರು?… 'ಫಾಲ್ಕ್ ತನ್ನ ಗಳಿಗೆಗೆ ಕಾಯ್ತಿದ್ದಾನೆ' ಅಂದ್ರಾ. ಪಾಪ.

ಅದಕ್ಕೆ ನಾನು ಬೇಕು. ನಾನು ಹಲಗೆಯ ಅಂಚಿನ ಮೇಲೆ ಅಂಗೈ ಇಟ್ಕೊಂಡು ನಿಲ್ತಿದ್ದೆನಲ್ಲ, ನಡುಕ ನಿಂತಿದ್ದು ಕೈಗೆ ತಿಳಿಯುತ್ತೆ. ನಾನು ಕೈ ತೆಗೆದಾಗ ನೀನು ಹಾಡಬೇಕು. ನಿನ್ನ ಕಿವಿ ಕೆಲಸ ನನ್ನ ಕೈ ಮಾಡಬೇಕು. ಸರಿಯಾಗಿ ಹೇಳಿದ್ನಾ?… ಕಿವುಡನ ಕೈ ನೋಡ್ಕೊಂಡು ಹಾಡ್ತೀಯ. ಊರೆಲ್ಲಾ ನೋಡ್ತಿರುತ್ತೆ, ಯಾರಿಗೂ ಗೊತ್ತಾಗಲ್ಲ. ಮತ್ತೆ ಹೊಗಳ್ತಾರೆ. ಇಬ್ಬರು ಹಳೇ ಗೆಳೆಯರು, ಕಣ್ಣಲ್ಲೇ ಮಾತು ಅಂತ…

ಇದೆ, ಹಲಗೆ ಇದೆ. ಸಾಸೇಜು ಸುಳ್ಳು. ಗುಡಿಸಲ ಹಿಂದೆ ನೇತುಹಾಕಿದ್ದೀವಿ. ಊಟಕ್ಕೆ ಕರೆಯೋಕೆ ಸಿಬಿಲೆ ಅದನ್ನ ಬಡೀತಾಳೆ, ತೋಟದ ಕೊನೇಲಿದ್ರೂ ನನಗೆ ಕಾಲಡಿಯಿಂದ ತಿಳಿಯುತ್ತೆ…

ಇನ್ನೂ ಏನೂ ಒಪ್ಕೊಂಡಿಲ್ಲ ನಾನು. ಕುಣೀಬೇಡ.

ಬರ್ತೀನಿ. ಆದ್ರೆ ನಾನು ಹೇಳಿದ ಹಾಗೆ ಆಗಬೇಕು. ನೀನು ಮುಂದೆ ಹೋಗಿ ದೀಪದಲ್ಲಿ ನಿಲ್ಲೋ ಹಾಗಿಲ್ಲ. ನಾನು ಅಷ್ಟು ವರ್ಷ ನಿಂತಿದ್ನಲ್ಲ, ಆ ಜಾಗದಲ್ಲಿ ನಿಲ್ತೀಯ. ಹಲಗೆ ಪಕ್ಕದಲ್ಲೇ, ಒಂದು ತೋಳು ದೂರ. ಎಡಗಿವಿ ಹಲಗೆ ಕಡೆಗೆ. ಕಿವಿಗೆ ಹತ್ತಿ ಇಲ್ಲ, ಮೇಣ ಇಲ್ಲ, ಡಾಕ್ಟರು ಕೊಟ್ಟ ಬಿರಡೆ ಇಲ್ಲ. ಬರಿಗಿವಿ. ನನಗೂ ನೀವ್ಯಾರೂ ಹತ್ತಿ ಕೊಟ್ಟಿರಲಿಲ್ಲ. ಕೇಳಿದ್ದಕ್ಕೆ, ಉಕ್ಕಿನವನ ಮಗ ಹತ್ತಿ ಇಟ್ಕೋತಾನಾ ಅಂತ ನಕ್ಕಿದ್ದೆ ನೀನು.

ಏಟು ನಾನು ಹಾಕ್ತೀನಿ. ಹಳೇ ದೊಡ್ಡ ಸುತ್ತಿಗೆಯಲ್ಲಿ. ಆ ಏಟು ಅಷ್ಟು ಹತ್ರದಿಂದ ಬರಿಗಿವಿಗೆ ಬಿದ್ರೆ ಏನಾಗುತ್ತೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಆ ಎಡಗಿವೀಲಿ ಉಳಿದಿರೋ ಚೂರೂ ಹೋಗಬಹುದು. ಹಾಡು ಮುಗಿಯೋದರೊಳಗೆ ಹೋಗಬಹುದು. ಯೋಚನೆ ಮಾಡು. ಒಲ್ಲೆ ಅಂದ್ರೆ ಫೋನ್ ಇಡು, ನಾನು ನಿನ್ನ ಗುಟ್ಟು ಯಾರಿಗೂ ಹೇಳಲ್ಲ, ಅಷ್ಟು ನೀಚ ಅಲ್ಲ. ಒಬ್ಬನೇ ನಿಂತು ನಿನ್ನ ಗಳಿಗೆಗೆ ಕಾಯ್ತಾ ಇರು…

ಸುಮ್ನಿರೇ ಸಿಬಿಲೆ, ಕೈ ಅಡ್ಡ ಇಟ್ಟಿದ್ದೀನಿ. ಅವನು ಒಪ್ಪಲ್ಲ ಕಣೇ. ನನಗೆ ಗೊತ್ತಿಲ್ವಾ ಅವನು. ತನ್ನ ಮೈಗೆ ಸೂಜಿ ಚುಚ್ಚಿದ್ರೂ ಊರು ಎಬ್ಬಿಸೋನು. ಒಲ್ಲೆ ಅಂತಾನೆ, ನಾನು ಫೋನ್ ಇಡ್ತೀನಿ, ನಾವು ಕೇಕು ತಿನ್ನೋಣ. ಅವನ ಬಾಯಿಂದ ಒಲ್ಲೆ ಅನ್ನಿಸಬೇಕು, ಅಷ್ಟೇ…

ಹಾಂ, ಹೇಳು ಫಾಲ್ಕ್. ಏನು ತೀರ್ಮಾನ ಮಾಡ್ದೆ?

…

ಏನಂದೆ?

ಇಲ್ಲ, ಈ ಸಲ ನಿಜವಾಗ್ಲೂ ಸರಿಯಾಗಿ ಕೇಳ್ಲಿಲ್ಲ. ಇನ್ನೊಂದು ಸಲ ಹೇಳು…

ನಿಲ್ತೀಯ. ಹಲಗೆ ಪಕ್ಕ. ಬರಿಗಿವೀಲಿ.

ನಾನು ಹೇಳಿದ್ದು ಅರ್ಥ ಆಯ್ತಾ ನಿನಗೆ? ತಮಾಷೆಗೆ ಹೇಳಿದ್ದಲ್ಲ ಅದು… ಆಯ್ತಾ. ಹೂಂ… 'ನಿನಗೆ ಆದದ್ದು ನನಗೂ ಆಗಲಿ' ಅಂತನಾ? ಅದನ್ನ ಒಳಗೆ ಹೋಗಿ ಹೇಳಿದ್ರೆ ಚೆನ್ನಾಗಿ ಬರ್ಕೋತಾರೆ. ನನ್ನ ಹತ್ರ ಬೇಡ ಇಂಥ ಮಾತು…

ಯಾರೂ ಕೇಳ್ತಿಲ್ಲ ಅಂತ ನನಗೂ ಗೊತ್ತು.

…

ವ್ಯಾನು ಕಳಿಸ್ತೀಯಾ? ಕಳಿಸು. ಗುಡಿಸಲ ಹಿಂದಿನ ಗೇಟಿಗೆ ಬರಲಿ, ಮುಂದಿನ ದಾರಿ ಕಿರಿದು. ಎತ್ತೋಕೆ ಗಟ್ಟಿಯಾದ ಇಬ್ಬರನ್ನ ಕಳಿಸು, ಭಾರ ಇದೆ…

ಏನು?… ಎಷ್ಟು ಜೋರಾಗಿ ಹೊಡೀತೀನಿ ಅಂತನಾ?

…

ಸಿಬಿಲೆ, ಎಷ್ಟು ಜೋರಾಗಿ ಹೊಡೀತೀಯ ಅಂತ ಕೇಳ್ತಿದ್ದಾನೆ… ನನ್ನ ಮುಖ ಯಾಕೆ ಹಾಗೆ ನೋಡ್ತೀಯ? ನನಗೆ ಗೊತ್ತಿಲ್ಲ ಕಣೇ. ಇಷ್ಟು ವರ್ಷ ರಾತ್ರಿ ಮಲಗಿದಾಗೆಲ್ಲ ಆ ಏಟನ್ನ ಮನಸ್ಸಲ್ಲೇ ಹಾಕಿದ್ದೀನಿ, ಅವನು ಪಕ್ಕದಲ್ಲಿ ಹೀಗೆ ಸುಮ್ಮನೆ ನಿಂತಿರ್ತಾನೆ ಅಂತ ಒಂದು ದಿನವೂ ಅನ್ಕೊಂಡಿರಲಿಲ್ಲ…

ಹಲೋ. ಫಾಲ್ಕ್, ಅದನ್ನ ನಾನು ಈಗ ಹೇಳಲ್ಲ. ಸುತ್ತಿಗೆ ಕೈಗೆ ಬಂದ ಮೇಲೆ ನೋಡ್ತೀನಿ. ನೀನು ನಿಂತಿರು ಅಷ್ಟೇ… ಏನು? ಕರೀತಿದ್ದಾರಾ? ಹೋಗು ಹಾಗಾದ್ರೆ…

ಇಲ್ಲ, ತಾಳು. ಇಡಬೇಡ. ಒಂದು ನಿಮಿಷ. ಆ ಬಿರಡೆ, ಡಾಕ್ಟರು ಕೊಟ್ಟಿದ್ದು, ಅದನ್ನ ಜೇಬಲ್ಲಿ ಇಟ್ಕೊಂಡಿರು. ಹಾಕ್ಕೋ ಅಂತಲ್ಲ. ಜೇಬಲ್ಲಿ ಇರಲಿ. ನಾನು ಸುತ್ತಿಗೆ ಎತ್ತೋಕೆ ಮುಂಚೆ ನಿನ್ನ ಕಡೆ ನೋಡ್ತೀನಿ, ಆಗ… ಹಲೋ?

ಫಾಲ್ಕ್?… ಹಲೋ… ಕೇಳಿಸ್ತಾ ಇದೆಯಾ?